ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಮೇ ರಜೆಯಲ್ಲಿ ಹಿಮನದಿ ನೋಡಬೇಕು. ಉಡುಪಿಯಿಂದ ಎಲ್ಲಿಗೆ ಹೋಗಬಹುದು?

ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಕ್‌ಗೆ ಹೋಗಿ. 1912ರಿಂದ ಓಡುತ್ತಿರುವ ರೈಲು ಬೆಟ್ಟದೊಳಗಿನ ಸುರಂಗದಲ್ಲೇ 3,454 ಮೀಟರಿಗೆ ಹತ್ತುತ್ತದೆ. ವೀಕ್ಷಣಾ ಕಟ್ಟೆಗೆ ಲಿಫ್ಟಿದೆ, ಆಲೆಚ್ ಹಿಮನದಿ ಕೆಳಗೇ ಚಾಚಿಕೊಂಡಿರುತ್ತದೆ. ಮೆಟ್ಟಿಲ ಕಾಟ ಕಡಿಮೆ. ಆದರೆ ಮಲ್ಪೆಯ ಗಾಳಿ ಕುಡಿದು ಬೆಳೆದವರಿಗೆ ಅಷ್ಟು ಎತ್ತರದಲ್ಲಿ ನಾಲ್ಕು ಹೆಜ್ಜೆಗೇ ಏದುಸಿರು ಬರಬಹುದು. ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ. ತಂಪು ಕನ್ನಡಕ ಬೇಕೇ ಬೇಕು, ಮೇ ಬಿಸಿಲಿಗೆ ಹಿಮದ ಬಿಳುಪು ಕಣ್ಣು ಚುಚ್ಚುತ್ತದೆ. ಟಿಕೆಟ್ ಭಾರೀ ದುಬಾರಿ. ಬೆಳಿಗ್ಗೆ ಶಿಖರದ ವೆಬ್‌ಕ್ಯಾಮ್ ನೋಡಿಯೇ ಕೊಳ್ಳಿ. ಮೋಡ ಕವಿದರೆ ಏನೂ ಕಾಣದು.

ನ್ಯೂಜಿಲೆಂಡಿನ ಫ್ರಾನ್ಜ್ ಜೋಸೆಫ್ ಮಳೆಕಾಡಿನತ್ತ ಇಳಿಯುವ ಅಪರೂಪದ ಹಿಮನದಿ, ನನಗೆ ಹೆಚ್ಚು ಇಷ್ಟ. ಆದರೆ ಅದು ಹಿಂದೆ ಸರಿದಿದೆ. ಈಗ ಹಿಮದ ಮೇಲೆ ಕಾಲಿಡಲು ಹೆಲಿಕಾಪ್ಟರೇ ಗತಿ. ಅಲ್ಲಿನದು ಆಗುಂಬೆಯಂಥ ಮಳೆ, ಹಾರಾಟ ರದ್ದಾಗುವುದು ಮಾಮೂಲು.