ಡಾಂಬರಿಗೆ ನಾರು ಬೆರೆಸಿದರೆ ಗುಂಡಿ ಬೀಳಲ್ವಾ?

ಬಡಾವಣೆ ರಸ್ತೆಯ ಡಾಂಬರಿಗೆ ನಾರು ಬೆರೆಸಿದರೆ ಗುಂಡಿ ಬೀಳಲ್ಲ ಅಂತ ಗುತ್ತಿಗೆದಾರರು ಹೇಳಿದ್ದು ನಿಜವಾ ಎಂದು ಕೇಳಿದ್ದೀರಿ. ಅರ್ಧ ನಿಜ ಸರ್. ಯಾವ ನಾರು ಎಂದು ಮೊದಲು ವಿಚಾರಿಸಿ.

ಸೆಲ್ಯುಲೋಸ್ ನಾರಿನ, ಅಂದರೆ ಗಿಡಮರಗಳಿಂದ ತೆಗೆದ ನಾರಿನ ಕೆಲಸವೇ ಬೇರೆ. 1960ರ ದಶಕದಲ್ಲಿ ಜರ್ಮನಿಯಲ್ಲಿ ಶುರುವಾದ ಸ್ಟೋನ್ ಮ್ಯಾಟ್ರಿಕ್ಸ್ ಆಸ್ಫಾಲ್ಟ್ ಎಂಬ ದಪ್ಪ ಜಲ್ಲಿಯ ರಸ್ತೆ ಮಿಶ್ರಣದಲ್ಲಿ ಡಾಂಬರು ಜಾಸ್ತಿ. ಲಾರಿಯಲ್ಲಿ ಸಾಗಿಸುವಾಗ ಅದು ಜಲ್ಲಿಯಿಂದ ಸೋರಿ ತಳಕ್ಕಿಳಿಯಬಾರದಲ್ವಾ? ಅದಕ್ಕೇ ಮಿಶ್ರಣದ ತೂಕದ ಸುಮಾರು ಶೇ 0.3ರಷ್ಟು ನಾರು ಹಾಕುತ್ತಾರೆ.

ಬಿರುಕು ತಡೆಯಲು ಅರಾಮಿಡ್ ಎಂಬ ಗಟ್ಟಿ ಕೃತಕ ನಾರು ವಾಸಿ, ಆದರೆ ದುಬಾರಿ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನಾರು ಅಂದರೆ ಹುಷಾರು. ಅದು ಸುಮಾರು 160 ಡಿಗ್ರಿಗೆ ಕರಗುತ್ತದೆ. ಬಿಸಿ ಮಿಶ್ರಣವೂ ಹೆಚ್ಚುಕಡಿಮೆ ಅಷ್ಟೇ ಬಿಸಿ! ಇನ್ನು ನಾರು ಸರಿಯಾಗಿ ಹರಡದೆ ಉಂಡೆ ಕಟ್ಟಿದರೆ ಸುಮ್ನೆ ದುಡ್ಡು ದಂಡ.

ಮಳೆನೀರು ರಸ್ತೆ ಮೇಲೇ ನಿಲ್ಲುತ್ತದೆ ಅಂದಿರಲ್ಲ, ಅದಕ್ಕೆ ನಾರು ಪರಿಹಾರವಲ್ಲ, ಮೊದಲು ಚರಂಡಿ ಮಾಡಿಸಿ.