ಟಿಡಿಎಸ್ 40ಕ್ಕೆ ಇಳಿದರೆ ಔಷಧ, ಕೀಟನಾಶಕದ ಅಂಶವೂ ಹೋಗಿರುತ್ತದೆಯೇ?

ನಿಮ್ಮ ಪ್ರಶ್ನೆ: ವರ್ತೂರಿನ ಹತ್ತಿರ ಮನೆ, ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಉಪ್ಪು, ಖನಿಜಗಳ ಪ್ರಮಾಣ) 900, ಆರ್‌ಒ ಆದಮೇಲೆ 40. ಉಪ್ಪು ಶೇ 95ರಷ್ಟು ಹೋಗಿದೆ, ಹಾಗಾದರೆ ಔಷಧ, ಕೀಟನಾಶಕದ ಅಂಶವೂ ಅಷ್ಟೇ ಹೋಗಿರುತ್ತದೆ ಅಂತ ಲೆಕ್ಕ ಹಿಡಿಯಬಹುದಾ?

ಹಿಡಿಯಬೇಡಿ. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು. ಲೀಟರಿಗೆ ಒಂದೋ ಎರಡೋ ಮೈಕ್ರೋಗ್ರಾಂ ಇರುವ ಔಷಧದ ಅಂಶ ಅದಕ್ಕೆ ಕಾಣುವುದೇ ಇಲ್ಲ.

ನಾನು ಪೀಣ್ಯದಲ್ಲಿ ಕೆಲವು ವರ್ಷ ಮೆಂಬ್ರೇನ್, ಅಂದರೆ ಆರ್‌ಒ ಯಂತ್ರದೊಳಗೆ ನೀರು ಶುದ್ಧಿಮಾಡುವ ಪೊರೆಯ, ಪರೀಕ್ಷೆಯ ಕೆಲಸದಲ್ಲಿದ್ದೆ. ಮೆಂಬ್ರೇನ್ ಅಂದರೆ ಜರಡಿ ಅಂದುಕೊಳ್ಳುತ್ತಾರೆ, ಅದು ಜರಡಿ ಅಲ್ಲ. ಕೂದಲಿನ ನೂರನೇ ಒಂದು ಭಾಗಕ್ಕಿಂತಲೂ ತೆಳ್ಳಗಿನ ಪಾಲಿಅಮೈಡ್ ಪದರ. ನೀರು ಅದರೊಳಗೆ ಬೆರೆತು ಆಚೆಗೆ ಜಿನುಗುತ್ತದೆ. ಹಾಗೆ ಬೆರೆಯಬಲ್ಲ ಸಣ್ಣ ಅಣುಗಳೂ ಜಿನುಗುತ್ತವೆ. ಆದ್ದರಿಂದ ಯಾವುದೇ ವಸ್ತುವಿನ ಹೆಸರು ಬಂದರೆ ಮೊದಲು ಅದರ ಅಣುತೂಕ ನೋಡುತ್ತಿದ್ದೆವು, ಆಮೇಲೆ ಆ ನೀರಿನ ಪಿಎಚ್‌ನಲ್ಲಿ (ಆಮ್ಲ-ಕ್ಷಾರದ ಮಟ್ಟದಲ್ಲಿ) ಅದಕ್ಕೆ ವಿದ್ಯುದಂಶ ಇದೆಯೇ ಎಂದು. ಮೂರ್ಛೆರೋಗದ ಮಾತ್ರೆಯಾದ ಕಾರ್ಬಮಜೆಪೀನ್‌ಗೆ ವಿದ್ಯುದಂಶ ಇಲ್ಲ, ಆದರೆ ಅಣುತೂಕ 236. ಗಾತ್ರದಿಂದಲೇ ಬಹುಪಾಲು ನಿಲ್ಲುತ್ತದೆ. ಸಲ್ಫಮೆಥಾಕ್ಸಜೋಲ್ ಎಂಬ ಆಂಟಿಬಯೋಟಿಕ್‌ಗೆ ಸಾಮಾನ್ಯ ನೀರಿನಲ್ಲಿ ಋಣ ವಿದ್ಯುದಂಶ, ಮೆಂಬ್ರೇನಿನ ಮೈಯದೂ ಋಣವೇ, ಹಾಗಾಗಿ ಅದನ್ನು ಹತ್ತಿರ ಸೇರಿಸುವುದಿಲ್ಲ. ನೀರಿಗೆ ಕ್ಲೋರಿನ್ ಬೆರೆಸಿದಾಗ ಹುಟ್ಟಬಹುದಾದ ಎನ್‌ಡಿಎಂಎ ಎಂಬ ಹಾನಿಕರ ವಸ್ತುವಿನ ಅಣುತೂಕ ಬರೀ 74, ವಿದ್ಯುದಂಶವೂ ಇಲ್ಲ. ಅರ್ಧದಷ್ಟು ನುಸುಳಿಬಿಟ್ಟರೂ ಆಶ್ಚರ್ಯವಿಲ್ಲ. ಬೋರಾನ್ ಕೂಡ ಹಾಗೇ. ಸಮುದ್ರದ ನೀರು ಸಿಹಿಮಾಡುವ ಕಡೆ ಪಿಎಚ್ ಅನ್ನು 9.2ರ ಮೇಲಕ್ಕೆ ಏರಿಸಿದರೆ ಅದಕ್ಕೆ ವಿದ್ಯುದಂಶ ಬಂದು ತಡೆ ಹೆಚ್ಚುತ್ತದೆ.

ನನಗೆ ಪಾಠ ಕಲಿಸಿದ್ದು ಈಸ್ಟ್ರೋನ್ ಎಂಬ ಹಾರ್ಮೋನು. ಮೊದಲ ಕೆಲವು ಗಂಟೆ ಆಚೆಯ ನೀರಿನಲ್ಲಿ ಅದರ ಸುಳಿವೇ ಇರಲಿಲ್ಲ, ಪೂರ್ತಿ ತಡೆದಿದೆ ಅಂತ ವರದಿ ಬರೆಯಲು ಕೂತಿದ್ದೆ. ಇನ್ನೂ ಎರಡು ದಿನ ಓಡಿಸಿ ಅಂದರು ಹಿರಿಯರು. ಎರಡನೇ ದಿನ ಅದು ಆಚೆಗೆ ಬರತೊಡಗಿತು. ಎಣ್ಣೆಯ ಸ್ವಭಾವದ ಇಂಥ ಅಣುಗಳು ಮೊದಲು ಮೆಂಬ್ರೇನಿಗೇ ಅಂಟಿಕೊಳ್ಳುತ್ತವೆ, ಜಾಗ ತುಂಬಿದ ಮೇಲೆ ದಾಟುತ್ತವೆ. ಅರ್ಧ ದಿನದ ಪರೀಕ್ಷೆಯ ಅಂಕಿಯನ್ನು ಇವತ್ತಿಗೂ ನಾನು ನಂಬುವುದಿಲ್ಲ.

ಏಪ್ರಿಲ್‌ನಲ್ಲಿ ತಾರಸಿಯ ಟ್ಯಾಂಕ್ ಕಾದಾಗ ಇದೆಲ್ಲ ಇನ್ನಷ್ಟು ಸಡಿಲ. ನೀರು ಬಿಸಿಯಾದಷ್ಟೂ ಬೇಡದ್ದೂ ಬೇಗ ದಾಟುತ್ತದೆ.

ನಿಮ್ಮ ಕಡೆ ನಾನು ಮೊದಲು ಪರೀಕ್ಷೆ ಮಾಡಿಸುವುದು ನೈಟ್ರೇಟ್. ಚರಂಡಿ ನೀರು ಇಂಗುವ ಬಡಾವಣೆಗಳ ಬೋರ್‌ವೆಲ್‌ಗಳಲ್ಲಿ ಅದರ ಭಯ ಹೆಚ್ಚು, ಮಿತಿ ಲೀಟರಿಗೆ 45 ಮಿಲಿಗ್ರಾಂ, ಮತ್ತು ಇತರ ಉಪ್ಪುಗಳಿಗಿಂತ ಅದು ಮೆಂಬ್ರೇನನ್ನು ಸುಲಭವಾಗಿ ದಾಟುತ್ತದೆ. ಆರ್‌ಒ ಆದ ನೀರನ್ನೇ ಲ್ಯಾಬಿಗೆ ಕೊಡಿ.

ಇನ್ನೊಂದು ಮಾತು. ನೀರು ಸಪ್ಪೆ ಅಂದರೆ ಸರ್ವಿಸ್‌ನವರು ಮೆಷಿನ್ ಒಳಗಿನ ಟಿಡಿಎಸ್ ಸ್ಕ್ರೂ ತಿರುಗಿಸಿ 150ಕ್ಕೆ ಏರಿಸಿಕೊಡುತ್ತಾರೆ. ನಿಮ್ಮ 900ರ ನೀರಿನಲ್ಲಿ ಹಾಗೆ ಮಾಡಿದರೆ ಪ್ರತಿ ಲೋಟದ ಎಂಟನೇ ಒಂದು ಪಾಲು ಮೆಂಬ್ರೇನ್ ಮುಟ್ಟದೇ ಬಂದ ನೀರು. ದಯವಿಟ್ಟು ಅದನ್ನು ತಿರುಗಿಸಲು ಬಿಡಬೇಡಿ.