ಪ್ರೊಪೆಪ್ಟೈಡ್ ಬಿಟ್ಟರೆ ಸಬ್‌ಟಿಲಿಸಿನ್ ಯಾಕೆ ಮಡಚಿಕೊಳ್ಳುವುದಿಲ್ಲ?

ನೀವು ಕೇಳಿದ್ದು: ಪ್ರೋಟೀನ್ ಕತ್ತರಿಸುವ ಸಬ್‌ಟಿಲಿಸಿನ್ ಇ ಕಿಣ್ವದ ಪಕ್ವ ಭಾಗವನ್ನಷ್ಟೇ (ಕೊನೆಗೆ ಕಿಣ್ವವಾಗಿ ಉಳಿಯುವ 275 ಅಮೈನೋ ಆಮ್ಲ) ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಯೂರಿಯಾದಲ್ಲಿ ಬಿಚ್ಚಿ ಕರಗಿಸಿ, ಡಯಾಲಿಸಿಸ್ (ಪೊರೆಯ ಮೂಲಕ ಯೂರಿಯಾ ತೆಗೆಯುವುದು) ಮಾಡಿದರೂ ಚಟುವಟಿಕೆ ಸೊನ್ನೆ. ಸರಪಳಿಯ ಮುಂದಿದ್ದು ಕೊನೆಗೆ ಹೇಗೂ ಕತ್ತರಿಸಿ ಹೋಗುವ ತುಂಡು, ಅಂದರೆ ಪ್ರೊಪೆಪ್ಟೈಡ್, ಯಾಕೆ ಬೇಕು?

ಬೇಕೇ ಬೇಕು. ಆ 77 ಅಮೈನೋ ಆಮ್ಲಗಳ ತುಂಡು ಇಲ್ಲದಿದ್ದರೆ ಸರಪಳಿ ಅರೆಬರೆ ಮಡಚಿಕೊಂಡು ಅಲ್ಲೇ ನಿಂತುಬಿಡುತ್ತದೆ. ನೀವು ಬಫರ್ ಎಷ್ಟು ಸಲ ಬದಲಿಸಿದರೂ ಅಷ್ಟೇ. ಮುಂದಿನ ಹಂತಕ್ಕಿರುವ ಶಕ್ತಿಯ ತಡೆ ಅಷ್ಟು ದೊಡ್ಡದು. ಇದೇ ಬಗೆಯ ಆಲ್ಫಾ-ಲಿಟಿಕ್ ಪ್ರೋಟಿಯೇಸ್‌ನಲ್ಲಿ ಲೆಕ್ಕ ಹಾಕಿದ್ದಾರೆ: ಪ್ರೊಪೆಪ್ಟೈಡ್ ಇಲ್ಲದೆ ಅರ್ಧದಷ್ಟು ಅಣುಗಳು ಮಡಚಿಕೊಳ್ಳಲು ಸುಮಾರು 1800 ವರ್ಷ, ಇದ್ದರೆ ಕೆಲವೇ ಸೆಕೆಂಡು. ಅದೇ ತಡೆ ಮಡಚಿದ ಕಿಣ್ವ ಬಿಚ್ಚಿಕೊಳ್ಳದಂತೆಯೂ ಕಾಯುತ್ತದೆ, ಲಾಭ ಇರುವುದು ಅಲ್ಲೇ.

ಸಬ್‌ಟಿಲಿಸಿನ್‌ನಲ್ಲಿ ಪ್ರೊಪೆಪ್ಟೈಡಿನ ಬೀಟಾ ಹಾಳೆ (ಹಾಳೆಯಂತೆ ಹರಡಿದ ಭಾಗ) ಕಿಣ್ವದ ಎರಡು ಹೆಲಿಕ್ಸ್‌ಗಳಿಗೆ (ಸುರುಳಿ ಭಾಗಗಳಿಗೆ) ಒತ್ತಿ ಕೂರುತ್ತದೆ, ಅದರ ಬಾಲ ಕಿಣ್ವ ಕತ್ತರಿಸುವ ಜಾಗದೊಳಗೆ, ಅಂದರೆ ಸಕ್ರಿಯ ತಾಣದೊಳಗೆ ಇರುತ್ತದೆ. ಮಡಿಕೆ ಕೂಡಿದ ಕೂಡಲೇ ಸೆರೀನ್ 221 (ಕಿಣ್ವದ 221ನೇ ಅಮೈನೋ ಆಮ್ಲ) ಆ ಬಾಲವನ್ನು ಕತ್ತರಿಸುತ್ತದೆ. ಕತ್ತರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ: ತುಂಡು ಅಲ್ಲೇ ಅಂಟಿಕೊಂಡು ಕಿಣ್ವವನ್ನು ತಡೆದಿಡುತ್ತದೆ. ಬಿಡುಗಡೆಯಾದ ಬೇರೊಂದು ಅಣು ಬಂದು ಅದನ್ನು ತಿಂದ ಮೇಲೆಯೇ ಚಟುವಟಿಕೆ, ಆಮೇಲೆ ಸರಸರನೆ ಏರುತ್ತದೆ.

ಹಾಗಾಗಿ 77 + 275 ಇರುವ ಪೂರ್ತಿ ಜೀನನ್ನೇ ಹಾಕಿ. ಇನ್‌ಕ್ಲೂಷನ್ ಬಾಡಿಯನ್ನು (ಇ. ಕೋಲಿಯೊಳಗೆ ಗಂಟುಕಟ್ಟಿದ ಪ್ರೋಟೀನನ್ನು) ಮಡಿಕೆ ಬಿಚ್ಚುವ 6 ಮೋಲಾರ್ ಗ್ವಾನಿಡೀನ್‌ನಲ್ಲಿ, ಪಿಎಚ್ 5ರ ಹತ್ತಿರ ಕರಗಿಸಿ. 4 ಡಿಗ್ರಿಯಲ್ಲಿ, ಪಿಎಚ್ 6.5–7ಕ್ಕೆ ನಿಧಾನವಾಗಿ ಡಯಾಲಿಸಿಸ್ ಮಾಡಿ. ಬಫರಿನಲ್ಲಿ ಕೆಲವು ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, 0.5 ಮೋಲಾರ್ ಅಮೋನಿಯಂ ಸಲ್ಫೇಟ್ ಇರಲಿ. ಇಡಿಟಿಎ ಬೇಡ, ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಫಾಸ್ಫೇಟ್ ಬಫರೂ ಬೇಡ, ಅದು ಕ್ಯಾಲ್ಸಿಯಂ ಜೊತೆ ಸೇರಿ ಗಷ್ಟು ಕಟ್ಟುತ್ತದೆ. ಪ್ರೋಟೀನ್ ಶುರುವಿಗೆ ಮಿಲಿಲೀಟರಿಗೆ 0.1 ಮಿಲಿಗ್ರಾಂ ಮೀರಿಸಬೇಡಿ.

ಈಗಾಗಲೇ ಮಾಡಿಟ್ಟ ಪಕ್ವ ಭಾಗವನ್ನು ಎಸೆಯಬೇಕಿಲ್ಲ. ಪ್ರೊಪೆಪ್ಟೈಡನ್ನು ಬೇರೆಯಾಗಿ ತಯಾರಿಸಿ, ಎರಡನ್ನೂ ಬಿಚ್ಚಿದ ಸ್ಥಿತಿಯಲ್ಲಿ ಸಮ ಮೋಲ್ ಬೆರೆಸಿ ಮಡಚಲು ಬಿಡಬಹುದು. ಇಳುವರಿ ಕಡಿಮೆ, ತುಂಡು ಜಾಸ್ತಿಯಾದರೆ ಅದೇ ಕಿಣ್ವವನ್ನು ತಡೆಯುತ್ತದೆ.

ಕಿಣ್ವ ಕತ್ತರಿಸಿದಾಗ ಹಳದಿ ಬಣ್ಣ ಬಿಡುವ ಪದಾರ್ಥ ಹಾಕಿ 410 ನ್ಯಾನೋಮೀಟರಿನಲ್ಲಿ ಚಟುವಟಿಕೆ ಅಳೆಯುವಾಗ ಗೆರೆ ಮೊದಲು ಚಪ್ಪಟೆಯಾಗಿದ್ದು ಆಮೇಲೆ ಏರಿದರೆ ಗಾಬರಿಯಾಗಬೇಡಿ, ಅದು ಮೇಲೆ ಹೇಳಿದ ಕಾಯುವಿಕೆ. ಏರಲೇ ಇಲ್ಲವೆಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿ. ಸ್ಯಾಂಪಲ್ಲಿನ ಪ್ರೋಟೀನನ್ನು ಮೊದಲು ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ಹಾಕಿ ತಳಕ್ಕಿಳಿಸಿಕೊಳ್ಳಿ, ಇಲ್ಲದಿದ್ದರೆ ಜೆಲ್‌ಗೆ ಬಳಸುವ ಮಾರ್ಜಕ ಎಸ್‌ಡಿಎಸ್ ಹಾಕಿದಾಗ ಕಿಣ್ವ ತನ್ನನ್ನೇ ತಿಂದುಕೊಂಡು ಸುಳ್ಳು ಬ್ಯಾಂಡ್ ತೋರಿಸುತ್ತದೆ. 36 ಕಿಲೋಡಾಲ್ಟನ್ನಿನ ಒಂದೇ ಬ್ಯಾಂಡ್ ಇದ್ದರೆ ಮಡಿಕೆಯೇ ಆಗಿಲ್ಲ. 27.5 ಮತ್ತು 8.5 ಎರಡೂ ಇದ್ದರೆ ತುಂಡು ಬಿಟ್ಟಿಲ್ಲ. ಚೂರೇ ಚೂರು ಸಕ್ರಿಯ ಸಬ್‌ಟಿಲಿಸಿನ್ ಹಾಕಿ ನೋಡಿ.

ಹಿಸ್ಟಿಡೀನ್ ಟ್ಯಾಗನ್ನು (ನಿಕ್ಕಲ್‌ಗೆ ಅಂಟುವ ಹಿಸ್ಟಿಡೀನ್ ಸಾಲು) ಪ್ರೊಪೆಪ್ಟೈಡಿನ ತುದಿಗೆ ಹಾಕಿದ್ದರೆ ಕೊನೆಯ ಶುದ್ಧೀಕರಣಕ್ಕೆ ನಿಕ್ಕಲ್ ಕಾಲಂ ನಂಬಬೇಡಿ, ಟ್ಯಾಗ್ ತುಂಡಿನ ಜೊತೆಗೇ ಹೋಗಿರುತ್ತದೆ.